ಖಾಲಿ ಪಿಸ್ತೂಲಿನ ಗುಂಡು

2019ರ ಮಾರ್ಚ್ 11, ಸೋಮವಾರ, ಬೆಳಗ್ಗೆ 6.52. ಒಕ್ಲಹೋಮಾದ ಕಾಟನ್‌ವುಡ್ ಕೌಂಟಿಯ ಷೆರಿಫ್ ಠಾಣೆಗೆ ಓಪಲ್ ಡನ್ ಎಂಬ ಮುದುಕಿಯ ಫೋನ್ ಬಂತು.

"ಪಕ್ಕದ್ಮನೆ ರಾಯ್ಸ್ ಹೆಂಡ್ತಿಗೆ ಗುಂಡು ಹೊಡ್ದುಬಿಟ್ಟ! ಶನಿವಾರ ಇಬ್ರೂ ಕಿತ್ತಾಡಿದ್ದು ಬೀದಿಗೆಲ್ಲ ಕೇಳ್ಸಿತ್ತು. ಆಂಬುಲೆನ್ಸೂ ಕಳ್ಸಿ."

ದೂರು ದಾಖಲಿಸಿಕೊಂಡು ತನಿಖಾಧಿಕಾರಿ ನಾಡೀನ್ ಕ್ರೌಡರ್ ಹಾಗೂ ಪೇದೆ ಓಟಿಸ್ ಪೆಲ್ 7.10ಕ್ಕೆ ಸ್ಥಳ ತಲುಪಿದರು. ಗುಂಡು ಮಲಗುವ ಕೋಣೆಯ ಗೋಡೆ ತೂರಿ, ಆಚೆ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುತ್ತಿದ್ದ ರಾಯ್ಸ್‌ನ ಹೆಂಡತಿ ಮಾರ್ಲಾಳ ಸೊಂಟ ಹೊಕ್ಕಿತ್ತು. ಆ ಕಡೆಯ ಮನೆಗಳ ಗೋಡೆ ಹೆಸರಿಗಷ್ಟೇ ಗೋಡೆ. ಎರಡು ತೆಳು ಹಲಗೆ, ನಡುವೆ ಗಾಳಿ. ರಾಯ್ಸ್ ಟಕರ್ ಹೆಂಡತಿಯ ಗಾಯಕ್ಕೆ ಟವೆಲ್ ಒತ್ತಿ ಹಿಡಿದು ಕೂತಿದ್ದ. ಅವನನ್ನು ಎಬ್ಬಿಸಲು ಇಬ್ಬರು ಬೇಕಾದರು. ನಾಲ್ಕು ವರ್ಷದ ಮಗಳನ್ನು ಓಪಲ್ ತನ್ನ ಮನೆಗೆ ಕರೆದೊಯ್ದಳು.

ಮಹಜರಿನಲ್ಲಿ ಬರೆದದ್ದು ಇಷ್ಟು: ಪಿಸ್ತೂಲು ಒಂದು. ಸಿಡಿದ ತೋಟೆ ಒಂದು. ಮೇಜಿನ ಮೇಲೆ ಪಿಸ್ತೂಲಿನಿಂದ ಹೊರತೆಗೆದ ಮ್ಯಾಗಜಿನ್. ಅದರಲ್ಲಿ ಹತ್ತು ಗುಂಡು. ಮೇಲಿನ ಗುಂಡಿನ ಬುಡದಲ್ಲಿ ಮಾತ್ರ ಉಗುರುಬಣ್ಣದಂಥ ಕೆಂಪು ಬಳೆ.

8.40ಕ್ಕೆ ಠಾಣೆಯಲ್ಲಿ ನಾಡೀನ್ ರಾಯ್ಸ್‌ನನ್ನು ವಿಚಾರಿಸಿದಳು.

"ಎಷ್ಟು ಗುಂಡು ತುಂಬ್ತೀಯ?"

"ಹತ್ತು. ಮ್ಯಾಗಜಿನ್ನಿಗೆ ಮಾತ್ರ. ನಳಿಗೆ ಯಾವತ್ತೂ ಖಾಲಿ, ಮೇಡಂ. ಮನೇಲಿ ಮಗು ಇದೆ. ಊರಿಗೆಲ್ಲ ಗೊತ್ತು."

"ಹಾಗಾದ್ರೆ ಗುಂಡು ಎಲ್ಲಿಂದ ಬಂತು?"

ರಾಯ್ಸ್ ತಲೆ ತಗ್ಗಿಸಿದ. ರಸ್ತೆಯಲ್ಲಿ ಕೆಟ್ಟ ವಾಹನ ಎಳೆದುತರುವ ಕೆಲಸ ಅವನದು. ಆರಡಿ ಆಳು, ಮಗುವಿನ ಹಾಗೆ ಮುಖ ಮಾಡಿಕೊಂಡಿದ್ದ.

"ದಿನಾ ಬೆಳಗ್ಗೆ ಮ್ಯಾಗಜಿನ್ ಹಾಕೋಕ್ ಮುಂಚೆ ಪಿಸ್ತೂಲು ಗೋಡೆ ಕಡೆ ಹಿಡ್ದು ಒಂದ್ಸಲ ಟ್ರಿಗರ್ ಎಳೀತೀನಿ. ಟಕ್ ಅಂದ್ರೆ ಸಮಾಧಾನ. ಖಾಲಿ ಇದೆ ಅಂತ. ಇವತ್ತು ಟಕ್ ಅನ್ಲಿಲ್ಲ."

"ಕಣ್ಣಲ್ಲಿ ನೋಡೋದು ಬಿಟ್ಟು ಎಳೆದು ನೋಡ್ತೀಯಾ? ಈ ಪದ್ಧತಿ ಯಾರಿಗ್ ಗೊತ್ತು?"

"ಯಾರಿಗೂ ಇಲ್ಲ. ಖಾಲಿ ಇಟ್ಕೊಂಡಿದ್ದಕ್ಕೇ ಹೋಟ್ಲಲ್ಲಿ ನಗ್ತಾರೆ. ಇದೂ ಗೊತ್ತಾದ್ರೆ ಬದುಕೋಕ್ ಬಿಡ್ತಾರಾ?"

ಸರ್ಕಾರಿ ವಕೀಲರು ಇದನ್ನು ನಂಬಲಿಲ್ಲ. ಶನಿವಾರ ಜಗಳ, ಸೋಮವಾರ ಗುಂಡು. ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಕೊಲೆಯತ್ನದ ಆರೋಪ ಹೊರಿಸುತ್ತೇನೆ ಎಂದರು. ಹಾಗಾದರೆ ಅಪ್ಪ ಜೈಲಿಗೆ, ಮಗು ಸರ್ಕಾರದ ಸುಪರ್ದಿಗೆ. ಆದರೆ ಹತ್ತು ತುಂಬುವವನ ಬಳಿ ಹನ್ನೊಂದು ಗುಂಡು ಬಂದದ್ದು ನಾಡೀನಳಿಗೆ ಗಂಟಲಲ್ಲಿ ಮೀನಿನ ಮುಳ್ಳಾಗಿತ್ತು. ಯಾರೋ ಮೇಲಿನ ಗುಂಡನ್ನು ನಳಿಗೆಗೆ ಏರಿಸಿ, ಲೆಕ್ಕ ತಪ್ಪದಿರಲೆಂದು ತಮ್ಮದೊಂದನ್ನು ಮ್ಯಾಗಜಿನ್ನಿಗೆ ಸೇರಿಸಿದ್ದರು.

ಮಂಗಳವಾರ ಬೆಳಗ್ಗೆ 7ಕ್ಕೆ ನಾಡೀನ್, ಓಟಿಸ್ ಇಬ್ಬರೂ ಹೆದ್ದಾರಿ ಪಕ್ಕದ ಹೋಟೆಲಿಗೆ ಹೋದರು. ಕಾಫಿಯ ಮುಂದೆ ಕೂತ ಮುದುಕರೆಲ್ಲರ ಅಂಗಿಯಡಿಯಲ್ಲೂ ಒಂದೊಂದು ಪಿಸ್ತೂಲು. ಪಿಸ್ತೂಲಿನ ಹಾಗೆ ಬಾಯಿಯೂ ಸದಾ ತುಂಬಿದ್ದೇ.

"ಖಾಲಿ ಪಿಸ್ತೂಲು ಒಂದೇ, ಸೊಂಟಕ್ಕೆ ಸುತ್ತಿಗೆ ಕಟ್ಕೊಂಡ್ರೂ ಒಂದೇ," ಎಂದ ಒಬ್ಬ. "ಕಳ್ಳ ಬಂದಾಗ ತಡಿಯಪ್ಪ, ಈಗ್ ತುಂಬ್ತೀನಿ ಅನ್ನೋಕಾಗುತ್ತಾ?"

"ನಿನ್ನ ಹಾಗೆ ತುಂಬ್ಕೊಂಡು ಸ್ವಂತ ಕಾಲಿಗೆ ಹೊಡ್ಕೊಳ್ಳೋದಕ್ಕಿಂತ ವಾಸಿ," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಓಟಿಸ್ ಕೆಂಪು ಬಳೆಯ ಗುಂಡಿನ ಫೋಟೋ ತೋರಿಸಿದ. ನಗು ನಿಂತಿತು. ಖಾಲಿ ತೋಟೆಗೆ ಮದ್ದು ತುಂಬಿ ಗುಂಡುಗಳನ್ನು ಮನೆಯಲ್ಲೇ ಕಟ್ಟುವವರು ಅಲ್ಲಿ ಊರ ತುಂಬ. ಒಬ್ಬೊಬ್ಬರ ಗುರುತು ಒಂದೊಂದು. ಒಬ್ಬ ಫೋಟೋ ಹತ್ತಿರ ಎಳೆದುಕೊಂಡು ಹೇಳಿದ: "ಅದು ವರ್ನನ್ ಹೇಡನ್‌ದು. ಸತ್ತ ಹೆಂಡ್ತಿ ಉಗುರುಬಣ್ಣ ಹಚ್ತಾನೆ. ಅವನ ತಮ್ಮ ಡೀನ್, ಪೆಟ್ರೋಲ್ ಬಂಕಲ್ಲಿ ಕಳ್ಳನ ಗುಂಡಿಗೆ ಸತ್ತಿದ್ದು ಹಾಗೇ ಅಲ್ವಾ, ಖಾಲಿ ಪಿಸ್ತೂಲು ಕೈಲಿಟ್ಕೊಂಡು."

ವರ್ನನ್ ಎಂದರೆ ಮಾರ್ಲಾಳ ಅಪ್ಪ.

ಲಾಕಪ್ಪಿನಲ್ಲಿದ್ದ ರಾಯ್ಸ್‌ನನ್ನು ಮತ್ತೆ ಕೇಳಿದರು. ಭಾನುವಾರ ಊಟ ಮಾವನ ಮನೆಯಲ್ಲಿ. ಊಟದ ಮೇಜಿಗೆ ಬಂದೂಕು ತರಬಾರದೆಂದು ಅತ್ತೆ ಮಾಡಿದ್ದ ನಿಯಮ ಅವಳು ಸತ್ತ ಮೇಲೂ ನಡೆಯುತ್ತಿತ್ತು. ಎಲ್ಲರ ಪಿಸ್ತೂಲೂ ಹಜಾರದ ಬ್ರೆಡ್ ಡಬ್ಬಿಗೆ. ಶನಿವಾರದ ಜಗಳವೂ ಪಿಸ್ತೂಲಿನದೇ: 'ಅಪ್ಪನ ಮಾತು ಕೇಳಿ ನಳಿಗೆ ತುಂಬ್ಕೋ, ಇಲ್ಲ ಅದನ್ನ ಮನೇಲೇ ಬಿಟ್ಟು ಹೋಗು' ಎಂದಿದ್ದಳು ಮಾರ್ಲಾ.

ಮಧ್ಯಾಹ್ನ 3.20. ಆಸ್ಪತ್ರೆಯಲ್ಲಿ ವರ್ನನ್ ಮಗಳ ಮಂಚದ ಪಕ್ಕ ನಿನ್ನೆಯ ಅಂಗಿಯಲ್ಲೇ ಕೂತಿದ್ದ. ಮಾರ್ಲಾಳಿಗೆ ಆಗಷ್ಟೇ ಎಚ್ಚರವಾಗಿತ್ತು. ನಾಡೀನ್ ಅವನನ್ನು ಹೊರಗೆ ಕರೆದು, ಗುಂಡು ಹಾರಿದ್ದು ಹೇಗೆಂದು ರಾಯ್ಸ್ ಹೇಳಿದ್ದನ್ನು ತಿಳಿಸಿ, ಫೋಟೋ ಮುಂದೆ ಹಿಡಿದಳು.

"ನಿಮ್ದಾ?"

"ನಂದೇ."

"ಯಾವಾಗ?"

"ಭಾನುವಾರ. ಅವ್ರು ಪಾತ್ರೆ ತೊಳೀತಿದ್ರು. ರಾಯ್ಸ್ ರಾತ್ರಿಯೆಲ್ಲ ಹೆದ್ದಾರೀಲಿ ಯಾರ್ಯಾರದೋ ಗಾಡಿ ಹತ್ರ ಬಗ್ಗಿ ಕೆಲ್ಸ ಮಾಡ್ತಾನಮ್ಮ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಗೊತ್ತಿಲ್ದೇ ಇದ್ರೂ ಅವನ ಪ್ರಾಣ ಉಳೀಲಿ ಅಂತ... ಅವನು ಬೆಳಗ್ಗೆ ಎಳೆದು ನೋಡ್ತಾನೆ ಅಂತ ನನಗೇನು ಗೊತ್ತು?"

"ಅಳಿಯ ನಿನ್ನೆಯಿಂದ ಲಾಕಪ್ಪಲ್ಲಿದಾನೆ. ಯಾಕ್ ಬಂದು ಹೇಳ್ಲಿಲ್ಲ?"

"ಇವಳು ಕಣ್ಬಿಟ್ಮೇಲೆ ಮೊದ್ಲು ಇವಳಿಗೇ ಹೇಳ್ಬೇಕು ಅಂತಿದ್ದೆ. ಅಷ್ಟು ಮಾಡೋಕ್ ಬಿಡಿ."

ನಾಡೀನ್‌ಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಕನಿಕರ. ಬಿಟ್ಟಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಎಲ್ಲ ಕೇಳಿದ ಮಾರ್ಲಾ ಸೂರು ನೋಡುತ್ತ ಮಲಗಿದ್ದಳು. "ರಾಯ್ಸ್‌ಗೆ ಒಂದು ಮಾತು ಹೇಳ್ಬಾರ್ದಿತ್ತಾ, ಅಪ್ಪಾ?"

"ಹೇಳಿದ್ರೆ ತೆಗೆದುಬಿಡ್ತಿದ್ದ."

"ಹೂಂ," ಎಂದಳು ಮಾರ್ಲಾ. "ತೆಗೆದುಬಿಡ್ತಿದ್ದ."

ಮುದುಕ ಮುಖ ಮುಚ್ಚಿಕೊಂಡ. 3.50ಕ್ಕೆ ಘೋರ ನಿರ್ಲಕ್ಷ್ಯದ ಆರೋಪದ ಮೇಲೆ ವರ್ನನ್ ಹೇಡನ್, ವಯಸ್ಸು 71, ಬಂಧಿತನಾದ. ಕೋಳ ಬೇಡವೆಂದು ನಾಡೀನ್ ಸನ್ನೆ ಮಾಡಿದಳು. 5.15ಕ್ಕೆ ರಾಯ್ಸ್ ಹೊರಬಂದು ಮೊದಲು ಮಗಳ ಬಳಿಗೆ ಓಡಿದ.

ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡದ್ದು ಓಟಿಸ್. ಇನ್ನೇನಾದರೂ ಸೇರಿಸಬೇಕೇ ಎಂದು ವಾಡಿಕೆಯಂತೆ ಕೇಳಿದ. ಮುದುಕ ಪೆನ್ನು ಈಸಿಕೊಂಡು ತಾನೇ ಬರೆದ:

'ನನ್ನ ತಮ್ಮ ಡೀನ್‌ಗೆ ನಳಿಗೆ ಖಾಲಿ ಇಟ್ಟುಕೋ, ಅದೇ ಕ್ಷೇಮ ಎಂದು ಕಲಿಸಿದವನು ನಾನು.'