ನಿಂತರೆ ಬಿಸಿ

"ಮುಟ್ಟಬೇಡೀ! ಕೈ ಬೇಯಿಸ್ಕೊಳ್ತೀರಾ?"

ನಾನು ರಸ್ತೆ ದಾಟಿ ಓಡುತ್ತ ಕೂಗಿದ ರಭಸಕ್ಕೆ, ರೇಡಿಯೇಟರ್ ಮುಚ್ಚಳ ತಿರುಗಿಸಲು ಹೊರಟಿದ್ದವನು ಕರವಸ್ತ್ರದ ಸಮೇತ ಹಿಂದಕ್ಕೆ ಹಾರಿದ. ಬಾನೆಟ್ಟಿನ ಕೆಳಗಿಂದ ಹಬೆ ಬುಸುಗುಡುತ್ತಿತ್ತು. ಅವನ ಕನ್ನಡಕ ಪೂರ್ತಿ ಮಂಜಾಗಿ, ಮೂಗಿನ ಮೇಲೆ ಎರಡು ಬಿಳಿ ಬಿಲ್ಲೆ ಅಂಟಿಸಿಕೊಂಡ ಹಾಗೆ ಕಾಣುತ್ತಿತ್ತು. ನಗು ಬಂತು, ನುಂಗಿಕೊಂಡೆ. ನೋಡಿದರೆ ಇಂಜಿನ್ ಇನ್ನೂ ಆನ್! ನಾನೇ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿದೆ.

ಯಾರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಮುಖ್ಯರಸ್ತೆಯ ಕನ್ನಡಕದಂಗಡಿಯವನು. ನನ್ನ ಗ್ಯಾರೇಜಿನ ಎದುರಿನ ಮಂಡಿನೋವಿನ ಕ್ಲಿನಿಕ್ಕಿಗೆ ವಾರ ವಾರ ಅಜ್ಜಿಯನ್ನು ಕರೆತರುತ್ತಾನೆ. ಅಜ್ಜಿ ಒಳಗೆ ಹೋದರೆ ಇವನು ಅಜ್ಜನ ಕಾಲದ ಈ ನೀಲಿ ಕಾರಿನಲ್ಲೇ ಕೂತು ಕನ್ನಡಕ ತೆಗೆದು ಒರೆಸುತ್ತಾನೆ. ಹಾಕಿಕೊಂಡು ನನ್ನ ಕಡೆ ನೋಡುತ್ತಾನೆ. ನಾನು ತಲೆ ಎತ್ತಿದೆನೋ, ಮತ್ತೆ ತೆಗೆದು ಒರೆಸುತ್ತಾನೆ. ಅಷ್ಟು ಸ್ವಚ್ಛವಾದ ಕನ್ನಡಕ ಊರಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ನಾನೇನು ಕಡಿಮೆಯವಳಲ್ಲ. ಆ ಕಾರು ಬರುವ ಹೊತ್ತಿಗೆ ಒಳಗಿನ ಕೆಲಸವನ್ನೂ ಬಾಗಿಲ ಬಳಿಗೇ ಎಳೆದುಕೊಳ್ಳುತ್ತಿದ್ದೆ. ಅಲ್ಲಿ ಬೆಳಕು ಚೆನ್ನಾಗಿದೆ ಅಂತ ಅಪ್ಪನಿಗೆ ಹೇಳಿದ್ದೆ. ಅಪ್ಪ ನಂಬಿದ ಹಾಗೆ ಇದ್ದರು.

ಇಬ್ಬರೂ ಸೇರಿ ಕಾರನ್ನು ಗ್ಯಾರೇಜಿಗೆ ತಳ್ಳಿದೆವು. ಅಷ್ಟರಲ್ಲಿ ಅಜ್ಜಿ ಕ್ಲಿನಿಕ್ಕಿನ ಮೆಟ್ಟಿಲನ್ನು ಪಟಪಟ ಇಳಿದು ಬಂದು, ಹಿಂದಿನ ಸೀಟಿನಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದರು.

"ಇವತ್ತೇ ರೆಡಿ ಮಾಡಿಕೊಡಿ ಮೇಡಂ," ಅಂದ. "ನಾಳೆ ಬೆಳಿಗ್ಗೆ ಊರು ಬಿಡ್ತಾ ಇದೀವಿ."

"ಟೂರಾ?"

"ಅಲ್ಲ. ಅಕ್ಕನ ಊರಲ್ಲಿ ಭಾವ ಒಂದು ಅಂಗಡಿ ನೋಡಿದ್ದಾರೆ. ನಾನು ಹೋಗಿ ಹೂಂ ಅನ್ನೋದೊಂದು ಬಾಕಿ. ಆಮೇಲೆ ಅಲ್ಲೇ ಇದ್ದುಬಿಡೋದು."

ಇಷ್ಟು ಕಾಲ ಎದುರುಬದುರು ಇದ್ದು ಒಂದು ಮಾತಾಡದವನು, ಈಗ ಬಾಯಿ ಬಿಟ್ಟಿದ್ದು ಹೋಗ್ತೀನಿ ಅನ್ನಲಿಕ್ಕಾ? ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಕೈ ಚುರುಕಾಗುತ್ತದೆ. ಬಾನೆಟ್ಟನ್ನು ಪೂರ್ತಿ ಎತ್ತಿ ನಿಲ್ಲಿಸಿದೆ.

"ಮೊದಲು ಆರಲಿ. ಅಲ್ಲೀವರೆಗೆ ನಾನು ಕೇಳ್ತೀನಿ, ನೀವು ಹೇಳಿ. ಅಕ್ಷರ ಕಾಣುತ್ತಾ, ಕಾಣಲ್ವಾ ಅಂತ ನೀವು ಕೇಳ್ತೀರಲ್ಲ, ಹಾಗೆ."

ಅವನು ಕಣ್ಣು ಪರೀಕ್ಷೆಗೆ ಕೂತವನ ಹಾಗೆ ಸ್ಟೂಲಿನ ಮೇಲೆ ನೆಟ್ಟಗೆ ಕೂತ.

"ಹೈವೇಲಿ ಬಿಸಿಯಾಗುತ್ತಾ?"

"ಇಲ್ಲ. ಅಲ್ಲಿ ಹಾಯಾಗಿ ಓಡುತ್ತೆ."

"ಏರು ರಸ್ತೇಲಿ?"

"ಊಹೂಂ. ಆದ್ರೂ ಇನ್ನೊಂದು ಗ್ಯಾರೇಜಿನೋರು ಥರ್ಮೋಸ್ಟಾಟ್ ಬದಲಾಯಿಸಿಬಿಟ್ರು."

"ಕೇಳದೇ ಬಿಚ್ಚೋರು ಹಾಗೇ. ಮತ್ತೆ ಯಾವಾಗ ಬಿಸಿ?"

"ನಿಂತಾಗ."

"ಸಿಗ್ನಲ್ಲಲ್ಲಾ?"

"ಅಷ್ಟಕ್ಕೆಲ್ಲ ಆಗಲ್ಲ. ಜಾಸ್ತಿ ಹೊತ್ತು ನಿಲ್ಲಬೇಕು."

"ಇಂಜಿನ್ ಆನ್ ಇಟ್ಕೊಂಡು ಅಷ್ಟು ಹೊತ್ತು ಎಲ್ಲಿ ನಿಲ್ತೀರಿ?"

ಅವನು ಕನ್ನಡಕ ತೆಗೆದ, ಒರೆಸಿದ. ಬರಿಗಣ್ಣಿನಲ್ಲಿ ಅವನ ಮುಖ ಇನ್ನೂ ಚಿಕ್ಕದಾಗಿ, ಸಿಕ್ಕಿಬಿದ್ದ ತುಂಟನ ಮುಖದಂತೆ ಕಂಡಿತು. "ಇಲ್ಲೇ. ಎದುರುಗಡೆ. ಅಜ್ಜಿಗೆ ಸೆಕೆ ತಡೆಯೋಕಾಗಲ್ಲ ನೋಡಿ, ಬರೋಷ್ಟರಲ್ಲಿ ಒಳಗೆ ತಂಪಾಗಿರಲಿ ಅಂತ ಎಸಿ..."

"ಯಾವ ಎಸಿನೋ?" ಹಿಂದಿನ ಸೀಟಿನಿಂದ ದನಿ ಬಂತು. "ಅದು ನಿಮ್ಮಜ್ಜ ಇರುವಾಗ್ಲೇ ಕೆಟ್ಟು ಕೂತಿದೆ! ನನ್ನ ಮಂಡಿ ವಾಸಿಯಾಗಿ ಎಷ್ಟು ಕಾಲ ಆಯ್ತು. ಬೇಡ ಕಣೋ ಅಂದ್ರೂ ಹೊರಡಿಸ್ಕೊಂಡು ಬರ್ತಾನಮ್ಮ ಇವನು. ನಾನೇನು ಮಾಡ್ಲಿ, ಒಳಗೆ ಹೋಗಿ ಆ ಡಾಕ್ಟರ್ ಹುಡುಗಿ ಜೊತೆ ಹರಟೆ ಹೊಡೆದು ಬರ್ತೀನಿ."

ಅವನ ಕಿವಿ ಕೆಂಪಾಯಿತು, ಆಮೇಲೆ ಕತ್ತು. ನಾನು ತಿರುಗಿ ಬಾನೆಟ್ಟಿನೊಳಗೆ ತಲೆ ಹಾಕಿದೆ. ನನ್ನ ಮುಖದಲ್ಲಿದ್ದ ನಗು ಅವನಿಗೆ ಅಷ್ಟು ಸುಲಭವಾಗಿ ಸಿಗುವುದು ಬೇಡವಾಗಿತ್ತು.

ಆರಿದ ಮೇಲೆ ಮುಚ್ಚಳ ತೆಗೆದು ಕೂಲೆಂಟ್ ತುಂಬಿಸಿದೆ. ಸ್ಟಾರ್ಟ್ ಮಾಡಿ, ಕಿಟಕಿಯಿಂದ ಬಗ್ಗಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತ ನಿಂತೆ. ಅವನೂ ನೋಡಲು ಬಗ್ಗಿದ. ಭುಜಕ್ಕೆ ಭುಜ ತಗುಲಿತು. ಅವನು ಸರಿಯಲಿಲ್ಲ. ನಾನೂ ಸರಿಯಲಿಲ್ಲ. ಮುಳ್ಳು ಮಾತ್ರ ನಿಧಾನವಾಗಿ ಮೇಲೇರಿತು.

"ಫ್ಯಾನ್ ತಿರುಗ್ತಿಲ್ಲ, ಕಂಡ್ತಾ?" ಅಂದೆ. ಬ್ಯಾಟರಿಯಿಂದ ನೇರ ವೈರ್ ಕೊಟ್ಟೆ, ಫ್ಯಾನ್ ಗಿರ್ರನೆ ತಿರುಗಿತು. ವೈರ್ ತೆಗೆದು, ರೇಡಿಯೇಟರಿನ ಪಕ್ಕದಲ್ಲಿದ್ದ ಸ್ವಿಚ್ಚಿನ ಎರಡು ತಂತಿ ಬಿಡಿಸಿ ಒಂದಕ್ಕೊಂದು ತಾಗಿಸಿದೆ. ಆಗಲೂ ತಿರುಗಿತು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

"ಫ್ಯಾನ್ ಚೆನ್ನಾಗಿದೆ. ಕೆಟ್ಟಿರೋದು ಈ ಪುಟ್ಟ ಸ್ವಿಚ್ಚು. ಓಡುವಾಗ ಗಾಳಿ ತಾನಾಗೇ ಬೀಸುತ್ತೆ, ಫ್ಯಾನ್ ಬೇಕಾಗಲ್ಲ. ನಿಂತಾಗ ಬಿಸಿ ಏರ್ತಿದೆ ಅಂತ ಫ್ಯಾನಿಗೆ ಹೇಳೋದು ಇದರ ಕೆಲಸ. ಹೇಳಲ್ಲ. ಒಳಗೆ ಕೊತಕೊತ ಕುದೀತಿದ್ರೂ ಬಾಯಿಗೆ ಬೀಗ." ತಲೆ ಎತ್ತಿ ಅವನನ್ನೇ ನೋಡಿದೆ. "ಥೇಟ್ ಕಾರಿನ ಯಜಮಾನರ ಹಾಗೇ."

ಈ ಸಲ ಅವನು ಕನ್ನಡಕಕ್ಕೆ ಕೈ ಹಾಕಲಿಲ್ಲ.

"ಇಂಜಿನ್ ಆಫ್ ಮಾಡಿದ್ರೆ ನಿಮ್ಮನ್ನ ನೋಡೋಕೇ ಬಂದು ಕೂತಿದೀನಿ ಅಂತ ಗೊತ್ತಾಗಿಬಿಡ್ತಿತ್ತು," ಅಂದ. "ಆನ್ ಇದ್ರೆ ಇನ್ನೇನು ಹೊರಡೋನ ಹಾಗೆ ಕಾಣ್ತೀನಲ್ಲ ಅಂತ. ಮುಳ್ಳು ಏರಿದ ಕೂಡ್ಲೇ ಹೊರಟು ಒಂದು ಸುತ್ತು ಹಾಕಿ ಬರ್ತಿದ್ದೆ. ಇವತ್ತು ಏರಿದ್ದು ಕಂಡೆ. ಹೊರಡೋಕೆ ಮನಸ್ಸೇ ಬರ್ಲಿಲ್ಲ."

"ಅದಕ್ಕೆ ಕಾರನ್ನ ಕುದಿಸಿಬಿಟ್ರಾ?"

"ನೀವಂದ್ರೆ ನಂಗೆ ಇಷ್ಟ. ತುಂಬಾ. ಹೇಳದೇ ಹೋದ್ರೆ ಜೀವನ ಪೂರ್ತಿ ಒದ್ದಾಡ್ತೀನಿ."

ಹಿಂದಿನ ಸೀಟಿನಲ್ಲಿ ಸೆರಗು ಬೀಸುವುದು ನಿಂತಿತ್ತು. ನಾನು ಒಳಗೆ ಹೋದೆ. ಕಪಾಟಿನ ಬಾಗಿಲ ಮರೆಯಲ್ಲಿ ನಿಂತು ಬಾಯ್ತುಂಬ ನಕ್ಕೆ. ಆಮೇಲೆ ಹೊಸ ಸ್ವಿಚ್ ತಂದು, ಇಂಜಿನ್ ಆಫ್ ಮಾಡಿ, ಆರಿದ ಮೇಲೆ ಹಾಕಿ ಬಿಗಿ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದೆ.

ಮುಳ್ಳು ಏರಿತು. ಅರ್ಧ ದಾಟಿತು. ಇನ್ನೂ ಒಂದಿಷ್ಟು. ಟಕ್ ಅಂತು, ಫ್ಯಾನ್ ಗಿರ್ರೆಂದಿತು, ಮುಳ್ಳು ಹಿಂದಕ್ಕೆ ಬಂತು. ನಾವು ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು.

"ಹಾಗಾದ್ರೆ ನಾಳೆ ಹೊರಡಬಹುದು," ಅಂದ. ದನಿ ಇಳಿದಿತ್ತು.

"ಹೊರಡಬಹುದು. ಎಲ್ಲಿಗೆ ಬೇಕಾದ್ರೂ ಹೋಗುತ್ತೆ." ನಾನು ಕೈ ಒರೆಸಿಕೊಂಡೆ. "ಇನ್ಮೇಲೆ ಎಷ್ಟು ಹೊತ್ತು ಬೇಕಾದ್ರೂ ನಿಲ್ಲುತ್ತೆ ಕೂಡ. ಬಿಸಿಯಾಗಲ್ಲ."

"ಕಾರು ಸರಿ. ನಾನು? ಹೋಗಲಾ, ನಿಲ್ಲಲಾ?"

ಕೇಳಿದ್ದೇ ತಡ, ಅಭ್ಯಾಸಬಲದಿಂದ ಕೈ ಕನ್ನಡಕಕ್ಕೆ ಹೋಯಿತು. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಎಷ್ಟು ಒರೆಸಿದ್ದರೂ ನನ್ನ ಬೆರಳಲ್ಲಿ ಗ್ರೀಸ್ ಉಳಿದಿತ್ತು, ಅವನ ಬಿಳಿ ಅಂಗಿಯ ತೋಳಿಗೆ ಮೆತ್ತಿತು.

"ಒರೆಸಿದ್ದು ಸಾಕು," ಅಂದೆ. "ಸರಿಯಾಗಿ ನೋಡಿ. ನಿಲ್ಲಿ ಅಂತಿದೀನಿ. ನಂಗೂ ನೀವು ಇಷ್ಟ."

"ಅಯ್ಯೋ ದೇವರೇ!" ಅಜ್ಜಿ ಹಣೆ ಚಚ್ಚಿಕೊಂಡರು. "ಇದನ್ನ ನಿನ್ನೆಯೇ ಹೇಳಬಾರದಿತ್ತೇನೇ ನಮ್ಮಮ್ಮ? ಇಡೀ ಮನೆಯ ಪಾತ್ರೆ ಕಟ್ಟಿಟ್ಟಿದೀನಿ! ಬಿಚ್ಚೋರ್ಯಾರು?"

"ನಾನು ಬಿಚ್ತೀನಿ ಅಜ್ಜಿ," ಅಂದೆ. "ಬಿಚ್ಚೋದು ನನ್ನ ಕೆಲಸಾನೇ ತಾನೇ."

ಅವನು ಜೋರಾಗಿ ನಕ್ಕ. ನಾನು ಹಿಡಿದಿದ್ದ ಕೈಯನ್ನು ಬಿಡಿಸಿಕೊಳ್ಳದೆಯೇ, ಇನ್ನೊಂದು ಕೈಯನ್ನು ಕಿಟಕಿಯೊಳಗೆ ಚಾಚಿ ಕೀಲಿ ತಿರುಗಿಸಿದ. ನನ್ನ ಗ್ಯಾರೇಜಿನ ಮುಂದೆ ಅವನು ತಾನಾಗಿ ಇಂಜಿನ್ ಆಫ್ ಮಾಡಿದ್ದು ಅದೇ ಮೊದಲು.