ನೀಲವ್ವನ ಉಸಿರಿನ ಲೆಕ್ಕ

ಸಂಡೂರಿನ ಗುಡ್ಡದ ಮೇಲೆ ಮೋಡ ಕವಿದೊಡನೆ ಕರೆಂಟು ಹಂಚುವ ವ್ಯವಸ್ಥೆ ‘ವಿದ್ಯುತ್ಪಾಲ’ ತನ್ನ ಕೆಲಸ ಆರಂಭಿಸಿತು. ಬಿಸಿಲಿನಿಂದ ನಡೆಯುವ ಸಂಚಾರಿ ಮನೆ-ಗಾಡಿಯ ಫ್ಯಾನು ನಿಂತಿತು, ಟಿ.ವಿ. ಆರಿತು, ಆಮೇಲೆ ನೀಲವ್ವನ ಉಸಿರಾಟದ ಯಂತ್ರವೂ ಸುಮ್ಮನಾಯಿತು. ಚಹಾ ಕೆಟಲಿನ ಹಸಿರು ದೀಪವೊಂದೇ ಉರಿಯುತ್ತಿತ್ತು.

ಮಂಚದ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದ ಹೆಂಡತಿಯನ್ನು ಕಂಡು ಅಡಿವೆಪ್ಪ ಧಾರವಾಡಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿದ. ವಿದ್ಯುತ್ಪಾಲವನ್ನು ರೂಪಿಸಿದ ವಿಜ್ಞಾನಿ ಡಾ. ನಸೀಮಾ ಮುಲ್ಲಾ ಅಲ್ಲಿದ್ದಳು.

“ಬ್ಯಾಟರಿ ಖಾಲಿ ಆಗಿಲ್ಲ ಕಾಕಾರ. ಬಿಸಿಲಿಲ್ಲಂತ ಅದು ಉಳಸಾಕತ್ತೈತಿ.”

ಅದರ ಗುಣವೇ ಅದು. ಗಾಡಿ ಕೊಡುವ ಮೊದಲು ವಿದ್ಯುತ್ಪಾಲವನ್ನಷ್ಟೇ ತಂದು ಕೊಳ್ಳುವವರ ಊರಮನೆಯಲ್ಲಿ ಕೆಲವು ವಾರ ಇಡುತ್ತಿದ್ದರು. ಯಾವ ಉಪಕರಣ ಎಷ್ಟು ಹೊತ್ತು ನಡೆಯುತ್ತದೆಂದು ನೋಡಿ, ಚಾವಣಿಗೆ ಬೇಕಾದ ಸೌರಫಲಕಗಳ ಲೆಕ್ಕವನ್ನು ಅದೇ ಹಾಕುತ್ತಿತ್ತು. ಬಿಸಿಲು ಕೈಕೊಟ್ಟಾಗ ಯಾವುದನ್ನು ಮೊದಲು ನಿಲ್ಲಿಸಬೇಕೆಂಬುದೂ ಆಗಲೇ ತೀರ್ಮಾನವಾಗುತ್ತಿತ್ತು. ಜನ ಬಾಯಲ್ಲಿ ಹೇಳಿದ್ದನ್ನು ಅದು ನಂಬುತ್ತಿರಲಿಲ್ಲ, ಮಾಡಿದ್ದನ್ನಷ್ಟೇ ನಂಬುತ್ತಿತ್ತು.

“ನಿಮ್ಮ ಮನ್ಯಾಗ ಉಸಿರಿನ ಮಷೀನು ಬಾಳ ಹೊತ್ತು ಬಂದ್ ಇತ್ತಂತ ತೋರಸ್ತೈತಿ. ಯಾಕ?”

ಅಡಿವೆಪ್ಪ ಹೆಂಡತಿಯ ಕಡೆ ತಿರುಗಿದ. ಆಕೆ ಮುಖ ತಪ್ಪಿಸಿದಳು.

“ನೀವು ಸಂತಿಗೆ ಹೋದಾಗ... ಆರಸ್ತಿದ್ದೆ. ಬಾಳ ಕರೆಂಟ್ ಬೇಕಂದ್ರ ಗಾಡಿ ಕೊಡಂಗಿಲ್ಲ ಅಂದ್ರು ಓಣ್ಯಾಗ. ನಿಮಗ ಎಷ್ಟ ಆಸೆ ಇತ್ತು.”

“ಎಂಥಾ ಕೆಲಸ ಮಾಡಿದಿ ನೀಲಾ.”

“ಮತ್ತ ಪಟ್ಟ್ಯಾಗ ಆ ಕೆಟಲಿಗೆ ಯಾಕ ಇಷ್ಟ ಮರ್ಯಾದಿ?” ನಸೀಮಾ ಕೇಳಿದಳು.

“ಗಾಡಿ ಬರತೈತಂತ ದಿನಾ ಮಂದಿ ಬಂದು ಕುಂದರತಿದ್ರು. ಬಂದವರಿಗೆ ಚಹಾ ಕೊಡಬ್ಯಾಡೇನವ್ವಾ?” ಎಂದಳು ನೀಲವ್ವ.

“ಅಲ್ಲಿಂದಽ ಇದನ್ನ ಬದಲಿ ಮಾಡವಾ,” ಅಡಿವೆಪ್ಪ ಬೇಡಿಕೊಂಡ.

“ಆಗಂಗಿಲ್ಲ ಕಾಕಾರ. ಮಂದಿ ಎ.ಸಿ. ಮೊದಲ ಇಟ್ಕೋತಾರಂತ ನಾನಽ ಬೀಗ ಹಾಕೀನಿ.” ಆಕೆ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು. “ಮಷೀನಿನ ಪ್ಲಗ್ಗು ಕೆಟಲಿನ ಸಾಕೆಟ್ಟಿಗೆ ಹಾಕ್ರಿ. ಆದ್ರ ಮಂದಿ ಬಂದು ಮಾತಾಡುವಾಗಷ್ಟ ಕೆಟಲ್ ನಡೀತಿತ್ತಂತ ವಿದ್ಯುತ್ಪಾಲ ಕಲತೈತಿ, ಬಂದವರ ದನಿ ಕೇಳಿದ್ರಷ್ಟ ಅದು ಕರೆಂಟ್ ಬಿಡತೈತಿ. ಮಂದೀನ ಕರೀರಿ, ಮಾತಾಡಸ್ರಿ. ಹೊಸಪೇಟಿಯಿಂದ ಆಂಬುಲೆನ್ಸ್ ಕಳಸ್ತೀನಿ.”

ಗುಡ್ಡದ ತಂಗುದಾಣದಲ್ಲಿದ್ದ ಇತರ ಮನೆ-ಗಾಡಿಗಳೂ ಬಿಸಿಲಿಗಾಗಿ ಕಾದು ನಿಂತಿದ್ದವು. ಪರರಿಗೆ ತಂತಿ ಎಳೆದರೆ ಅವರವರ ವಿದ್ಯುತ್ಪಾಲ ಬಿಡುತ್ತಿರಲಿಲ್ಲ. ಅಡಿವೆಪ್ಪ ಪ್ಲಗ್ಗು ಬದಲಿಸಿ, ಬಾಗಿಲು ಬಾಗಿಲಿಗೆ ಹೋಗಿ ಕೈಮುಗಿದ. ಜನ ಬಂದರು, ಇಕ್ಕಟ್ಟಿನಲ್ಲೇ ಕುಳಿತರು. ಊರು ಯಾವುದು, ಮಕ್ಕಳೆಷ್ಟು, ಮಳೆ ಹೇಗೆ ಎಂದು ಮಾತು ಶುರುವಾದೊಡನೆ ಯಂತ್ರ ಗುಂಯ್ ಎಂದಿತು.

ಆದರೆ ನೀಲವ್ವನ ತುಟಿಯ ಬಣ್ಣ ನೋಡುತ್ತ ಎಷ್ಟು ಹೊತ್ತು ಹರಟುವುದು? ಒಬ್ಬೊಬ್ಬರೇ ಮೌನವಾದರು. ಯಂತ್ರದ ಸದ್ದೂ ಇಳಿಯಿತು.

ಮೂಲೆಯಲ್ಲಿದ್ದ ಕಲ್ಲಪ್ಪ ತನ್ನ ಹೆಂಡತಿಯ ತಮ್ಮನಿಗೆ ಗೊಣಗಿದ: “ಕೂಡ್ಲಿಗಿ ಮ್ಯಾಲ ಹೋಗೂಣು ಅಂದಿದ್ದೆ. ಈ ಮೋಡದಾಗ ಸಿಗತಿದ್ದಿಲ್ಲ.”

“ಯಾವಾಗ ಅಂದಿ ಭಾವಾ? ನೀ ಗೊರಕಿ ಹೊಡ್ಯಾಕತ್ತಿದ್ದಿ.”

“ನಾ ಗೊರಕಿ ಹೊಡೀತಿದ್ನೇನು? ಗಾಡಿ ತಗ್ಗಿಗೆ ಇಳಿಸಿದವ ಯಾರೋ?”

ದನಿ ಏರಿತು. ಯಂತ್ರವೂ ಪೂರ್ಣ ವೇಗಕ್ಕೆ ಬಂತು. ಮುದುಕರೊಬ್ಬರು ಇಬ್ಬರನ್ನೂ ಸಮಾಧಾನಪಡಿಸಲು ಎದ್ದರು. ಅಡಿವೆಪ್ಪ ಅವರ ಕೈ ಹಿಡಿದು ಕೂರಿಸಿದ.

“ಅವರನ್ನ ಬಿಡಸಬ್ಯಾಡ್ರಿ ಯಜಮಾನ್ರ.”

ಕೆಳಗಿನ ತಿರುವಿನಲ್ಲಿ ಇನ್ನೂ ಆಂಬುಲೆನ್ಸ್ ಕಾಣುತ್ತಿರಲಿಲ್ಲ.

“ನಿನ್ನ ಲಗ್ನದಾಗೂ ನೀ ಹಿಂಗಽ ಮಾಡಿದ್ದಿ,” ಎಂದು ಮೈದುನ ಹಳೆಯದನ್ನು ತೆಗೆದ.

ಅಡಿವೆಪ್ಪನಿಗೆ ಸ್ವಲ್ಪ ಧೈರ್ಯ ಬಂತು.