ಕಾರು ಮಾರೋದಿಲ್ಲ

"ಇದನ್ನ ಮಾರೋದಿಲ್ಲ ಬಾವ" ಎಂದು ಯಮುನ ಕಾರಿನ ಬಾನೆಟ್ಟಿನ ಮೇಲೆ ಕೈಯೂರಿ ನಿಂತಳು.

ಎಸ್ಟೇಟಿನ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಮರಳುವಾಗ ಬಿಟ್ಟುಹೋದ ಆ ಹಳೆಯ ಕಾರನ್ನು ಅವಳ ಗಂಡ ಕೊಂಡಿದ್ದ, ಅವಳಿಗೆ ಓಡಿಸಲೂ ಕಲಿಸಿದ್ದ. ಅವನು ತೀರಿಕೊಂಡ ಮೇಲೆ ಮಾದಾಪುರದ ಆ ಮನೆಯಲ್ಲಿ ಅವಳದೆಂದು ಉಳಿದದ್ದು ಅದೊಂದೇ. ಈಗ ಸ್ಟಾರ್ಟ್ ಮಾಡಿದರೆ ಕಲ್ಲು ತುಂಬಿದ ಡಬ್ಬದಂತೆ ಗಡಗಡ ಎನ್ನುತ್ತಿತ್ತು. ಅದನ್ನು ಗುಜರಿಗೆ ಹಾಕಿ, ಅವಳನ್ನು ತವರಿಗೆ ಸಾಗಹಾಕುವುದೆಂದು ಬಾವ ರೇವಣ್ಣ ತೀರ್ಮಾನಿಸಿದ್ದ.

"ಇಂಜಿನ್ ಸತ್ತೋಗಿದೆ ಕಣಮ್ಮ. ಬೇಕಾದ್ರೆ ಇವನನ್ನೇ ಕೇಳು."

ರೇವಣ್ಣನ ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ಸೋಮವಾರಪೇಟೆಯ ಜಯಪ್ಪ ತಲೆ ಕೆರೆದುಕೊಂಡ. "ನೋಡ್ದೆ ಹೆಂಗ್ ಹೇಳ್ಲಿ? ಒಬ್ರು ಬೆಲ್ಟ್ ಹಿಡ್ದು ತಿರುಗಿಸ್ಬೇಕು."

ರೇವಣ್ಣ ಆಳನ್ನು ಕೂಗುವ ಮೊದಲೇ ಯಮುನ ಸೆರಗು ಸಿಕ್ಕಿಸಿದಳು.

"ಕೈ ಕರ್ರಗಾಯ್ತದೆ" ಎಂದ ಜಯಪ್ಪ.

"ಆಗ್ಲಿ ಬಿಡಿ."

ಅವನು ತುಟಿ ಕಚ್ಚಿ ನಗು ತಡೆದ. ಅವಳಿಗೆ ಅದು ಕಂಡಿತು. ಕಂಡದ್ದು ಅವನಿಗೂ ತಿಳಿಯಿತು.

ಪ್ಲಗ್ಗುಗಳನ್ನು ಬಿಚ್ಚಿ, ಕರೆಂಟು ಹಂಚುವ ಡಬ್ಬಿಯ ಮುಚ್ಚಳ ತೆಗೆದ. ಇಬ್ಬರೂ ಬಾಗಿದರು. ಅವಳು ಬೆಲ್ಟನ್ನು ಹಿಂದಕ್ಕೆಳೆದಳು. ಬೆಲ್ಟು ಸುತ್ತಿದ ಗಾಲಿ ತಿರುಗಿತು, ಅದರೊಡನೆ ತಿರುಗಬೇಕಿದ್ದ ಡಬ್ಬಿಯೊಳಗಿನ ರೋಟರ್ ಕದಲಲಿಲ್ಲ. ಇನ್ನಷ್ಟು ಎಳೆದ ಮೇಲೆ ಅದೂ ತಟ್ಟನೆ ತಿರುಗಿತು.

"ನೋಡಿದ್ರಾ? ನೀವ್ ತಿರುಗಿಸಿದ್ದು ಅಲ್ಲಿಗೆ ತಡವಾಗಿ ಮುಟ್ತು. ನಡುವಿರೋ ಟೈಮಿಂಗ್ ಚೈನು ಸವೆದು ಸಡಿಲಾಗಿದೆ. ಅದು ಕವರಿಗೆ ಬಡಿಯೋದೇ ಆ ಸದ್ದು."

"ತಡವಾದ್ರೂ ಮುಟ್ತಲ್ಲ" ಎಂದಳು, ಅವನನ್ನೇ ನೋಡುತ್ತ.

"ಗಂಡ ಸತ್ತೋಳು, ಪರಗಂಡಸಿನ ತಲೆಗೆ ತಲೆ ಕೊಟ್ಕಂಡು ನಿಂತಿದೀಯಲ್ಲ!" ರೇವಣ್ಣ ಗದರಿದ. "ಜಯಪ್ಪ, ನನ್ ಲಾರಿ ಕೆಲ್ಸ ಬೇಕಾ ನಿಂಗೆ? ಇಂಜಿನ್ ಹೋಗಿದೆ ಅನ್ನು."

ಜಯಪ್ಪ ಸಾಮಾನು ಕಟ್ಟಿಕೊಂಡ. "ಬ್ಯಾಡ ರೇವಣ್ಣೋರೆ. ಹೋಗಿರೋದು ಚೈನು."

ಮರುದಿನವೇ ಯಮುನ ಎತ್ತು ಕಟ್ಟಿಸಿ ಕಾರನ್ನು ಅವನ ಶೆಡ್ಡಿಗೆ ಎಳೆಸಿದಳು. ಮೈಸೂರಿನಿಂದ ಹೊಸ ಚೈನು ಬರುವವರೆಗೆ, ಬಂದ ಮೇಲೂ, ಹಾಡಹಗಲೇ ಬಸ್ಸು ಹತ್ತಿ ಹೋಗಿಬಂದಳು. ಅದನ್ನು ಕಂಡು ಅವಳ ಸೋದರತ್ತೆಯೊಬ್ಬಳು ಅವಳೊಡನೆ ಮಾತು ಬಿಟ್ಟಳು. ಯಮುನ ಹೋಗುವುದು ಬಿಡಲಿಲ್ಲ.

ಇಂಜಿನ್ ಹಿತವಾಗಿ ಗುನುಗಿದ ದಿನ ಜಯಪ್ಪನ ಮುಖ ಮಾತ್ರ ಬಾಡಿತ್ತು.

"ಇನ್ ಬರೋಕೆ ನಿಮಗೆ ನೆಪ ಇಲ್ಲ."

"ನೆಪ ಯಾರಿಗ್ ಬೇಕು? ನನ್ನ ಮದುವೆ ಆಗ್ತೀರಾ?"

ಅವನ ಕಿವಿ ಕೆಂಪಾಯಿತು. "ಜನ ಆಡ್ಕೊಂತಾರೆ."

"ಜನ ಏನಂತಾರೆ ಅಂತ ಕೇಳ್ಲಿಲ್ಲ ನಾನು."

"ನೀವ್ ಬೆಲ್ಟ್ ಹಿಡ್ದ ದಿನಾನೇ ನಾನು ಮನಸ್ಸಲ್ಲಿ ಹೂಂ ಅಂದಾಗಿತ್ತು. ನೀವ್ ಕೇಳಿರ್ಲಿಲ್ಲ ಅಷ್ಟೆ."

"ಹಂಗಾದ್ರೆ ಹತ್ತಿ. ಬಾವನಿಗೆ ಹೇಳಿ ಬರಾನ."

ಮಾದಾಪುರದಲ್ಲಿ ಅಂದು ಸಂತೆ. ಬೀದಿ ತುಂಬ ಜನ. ಪಕ್ಕದಲ್ಲಿ ಕೂತ ಜಯಪ್ಪ, ಬೇರೆ ದಾರಿ ಹಿಡಿಯಲಿ ಎಂಬಂತೆ ಅವಳತ್ತ ನೋಡಿದ. ಯಮುನ ನಕ್ಕು ಕಾರನ್ನು ಇನ್ನೂ ನಿಧಾನ ಮಾಡಿದಳು, ಎಲ್ಲರೂ ಚೆನ್ನಾಗಿ ನೋಡಿಕೊಳ್ಳಲೆಂದು.